ಎರಡು ಕಡೆಯ ಹುಡುಗ

ಅಕ್ಕ ನನ್ನನ್ನು ಅಮೆರಿಕಕ್ಕೆ ಕರೆಸಿಕೊಂಡದ್ದು ಊರು ತೋರಿಸುವುದಕ್ಕೆಂದೇ ನಾನು ನಂಬಿದ್ದೆ. ಹೋದ ಮೂರನೆಯ ದಿನ ನಿಜ ಹೊರಬಿತ್ತು. “ನಿನ್ನ ಮಾತಾದರೆ ಅವನು ಕೇಳ್ತಾನೆ ಕಣೋ. ಒಂದು ಕಡೆ ಆಡಿದರೆ ಸಾಕು ಅಂತ ಹೇಳು” ಎಂದಳು. ‘ಅವನು’ ಎಂದರೆ ಅವಳ ಹದಿನಾರು ವರ್ಷದ ಮಗ. ಒಹಾಯೊ ಸಂಸ್ಥಾನದ ಸಣ್ಣ ಊರೊಂದರ ಹೈಸ್ಕೂಲಿಗಾಗಿ ಫುಟ್‌ಬಾಲ್ ಆಡುತ್ತಾನೆ. ಇದು 2025ರ ದಸರೆಯ ರಜೆಯ ಮಾತು.

ಅವನು ಎರಡು ಕಡೆ ಆಡುತ್ತಾನೆಂದಾಗ, ಎದುರಾಳಿಗಳಿಗೂ ಆಡುವನೋ ಏನೋ ಎಂದು ನನಗೆ ಗಾಬರಿಯಾಯಿತು. ಹಾಗಲ್ಲ. ಅಲ್ಲಿಯ ಫುಟ್‌ಬಾಲೇ ಬೇರೆ; ಹೆಸರಿನಲ್ಲಿ ಕಾಲಿದ್ದರೂ ಚೆಂಡು ಇರುವುದು ಹೆಚ್ಚಾಗಿ ಕೈಯಲ್ಲಿ. ಚೆಂಡು ಯಾರ ವಶದಲ್ಲಿದೆಯೋ ಅವರಿಗೆ ನಾಲ್ಕು ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಒಂದೊಂದು ನುಗ್ಗಾಟಕ್ಕೂ ‘ಪ್ಲೇ’ ಎಂದು ಹೆಸರು. ಜನಬಲವಿರುವ ತಂಡಗಳು ದಾಳಿಗೆ ಹನ್ನೊಂದು ಮಂದಿಯನ್ನೂ ರಕ್ಷಣೆಗೆ ಬೇರೆ ಹನ್ನೊಂದು ಮಂದಿಯನ್ನೂ ಇಟ್ಟುಕೊಂಡಿರುತ್ತವೆ. ನಮ್ಮ ಹುಡುಗನ ಶಾಲೆಯ ತಂಡದಲ್ಲಿ ಇದ್ದವರೇ ಇಪ್ಪತ್ತೆಂಟು ಜನ. ಅವರಲ್ಲಿ ನಾಲ್ವರು ಆಗಲೇ ಕುಂಟುತ್ತಿದ್ದರು. ಹೀಗಾಗಿ ಅವನು ದಾಳಿಯಲ್ಲಿ, ದೂರ ಓಡಿ ಎಸೆದ ಚೆಂಡನ್ನು ಹಿಡಿಯುವವನು. ಚೆಂಡು ಕೈಬಿಟ್ಟುಹೋದರೆ ಅಲ್ಲೇ ತಿರುಗಿ ನಿಂತು, ಎದುರಾಳಿಗಳಲ್ಲಿ ಹಾಗೆ ಓಡುವವನ ಬೆನ್ನುಹತ್ತುವವನು.

ಹಿಂದೆ ಎಲ್ಲರೂ ಹೀಗೆಯೇ ಆಡುತ್ತಿದ್ದರು. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದೆಂದು ವೃತ್ತಿಯ ಲೀಗು 1950ರಲ್ಲಿ ಸ್ಥಿರವಾಗಿ ಒಪ್ಪಿಕೊಂಡ ಮೇಲೆ ಅಲ್ಲಿ ಈ ಜಾತಿ ಅಪರೂಪವಾಯಿತು. ಆದರೂ 1960ರ ಡಿಸೆಂಬರ್ 26ರಂದು ಫಿಲಡೆಲ್ಫಿಯ ತಂಡದ ಚಕ್ ಬೆಡ್ನಾರಿಕ್, ತನ್ನ 35ನೆಯ ವಯಸ್ಸಿನಲ್ಲಿ, ಹೆಚ್ಚುಕಡಿಮೆ ಇಡೀ ಆಟ ಎರಡು ಕಡೆಯೂ ನಿಂತ. ಕೊನೆಯ ಗಳಿಗೆಯಲ್ಲಿ ಗ್ರೀನ್ ಬೇ ತಂಡದ ಜಿಮ್ ಟೇಲರನನ್ನು ಕೆಡವಿ ನೆಲಕ್ಕೆ ಒತ್ತಿ ಹಿಡಿದ. ಫಿಲಡೆಲ್ಫಿಯ 17-13ರಿಂದ ಗೆದ್ದಿತು. ನಮ್ಮ ಹುಡುಗನ ಕೋಣೆಯ ಗೋಡೆಯ ಮೇಲಿದ್ದುದು ಮಾತ್ರ ಟ್ರಾವಿಸ್ ಹಂಟರನ ಚಿತ್ರ. ಕೊಲರಾಡೋ ವಿಶ್ವವಿದ್ಯಾಲಯಕ್ಕೆ ಎರಡು ಕಡೆಯೂ ಆಡಿ 2024ರ ಹೈಸ್ಮನ್ ಪಾರಿತೋಷಕ ಗೆದ್ದವನು ಆತ. ಅಕ್ಕ ಏನೇ ಹೇಳಲಿ, ಹುಡುಗ ಬೆರಳು ತೋರುತ್ತಿದ್ದುದು ಆ ಗೋಡೆಯ ಕಡೆಗೆ.

ಇಷ್ಟೇ ಆಗಿದ್ದರೆ ನಾನು ಅಕ್ಕನಿಗೆ ಸಮಾಧಾನ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ಶಾಲೆಯ ಕೋಚ್ ಮಹಾಶಯ ವೇಗದ ಉಪಾಸಕ. ಒಂದು ಪ್ಲೇ ಮುಗಿದ ಮೇಲೆ ಮುಂದಿನದಕ್ಕೆ 40 ಸೆಕೆಂಡು ಕಾಲಾವಕಾಶವುಂಟು. ಬೇರೆಯವರು ಗುಂಪುಗೂಡಿ, ತಲೆಗೆ ತಲೆ ಸೇರಿಸಿ, ಗುಟ್ಟು ಮಾತಾಡಿ, ಮದುವೆಯ ದಿಬ್ಬಣದಂತೆ ಸಾವಕಾಶವಾಗಿ ಬಂದು ನಿಲ್ಲುತ್ತಾರೆ. ಇವರಿಗೆ ಆ ಗುಂಪೇ ಇಲ್ಲ. ಗೆರೆಯಾಚೆಯಿಂದ ಕೋಚ್ ಕೈಸನ್ನೆ ಮಾಡುತ್ತಾನೆ. ಚೆಂಡು ನೆಲಕ್ಕೆ ತಾಗಿ ರೆಫರಿ ದೂರ ಸರಿದನೋ ಇಲ್ಲವೋ, ಶುರು. ಎದುರಾಳಿಗೆ ಉಸಿರಾಡಲು, ದಣಿದವನನ್ನು ಬದಲಾಯಿಸಲು ಎಡೆ ಕೊಡಬಾರದೆಂಬುದು ಉಪಾಯ. ಉಪಾಯವೇನೋ ಚೆನ್ನ, ಆದರೆ ಎದುರಾಳಿಗೆ ಹಾಕಿದ ಬೀಗ ತಮ್ಮವರಿಗೂ ಬೀಳುತ್ತದೆ. ಮೂವತ್ತು ಗಜ ಓಡಿಹೋದ ಹುಡುಗ ಚೆಂಡು ತನಗೆ ಬರಲಿ ಬಿಡಲಿ, ಮತ್ತೆ ಓಡಿ ಬಂದು ಸಾಲಿನಲ್ಲಿ ನಿಲ್ಲಬೇಕು. ಇಷ್ಟಾಗಿಯೂ ದಾಳಿ ಫಲಿಸದಿದ್ದರೆ ಮೂರು ಪ್ಲೇಗಳು ಒಂದು ನಿಮಿಷದೊಳಗೇ ತೀರುತ್ತವೆ. ರಕ್ಷಣೆಯ ಹುಡುಗರು ಬೆಂಚಿನ ಮೇಲೆ ಕುಳಿತು ನೀರಿನ ಸೀಸೆಗೆ ಕೈಹಾಕುವಷ್ಟರಲ್ಲಿ ಏಳಬೇಕು. ಎರಡು ಕಡೆಯವನಿಗೆ ಆ ಬೆಂಚೂ ಇಲ್ಲ.

ಗುರುವಾರ ಅಭ್ಯಾಸದ ಮೈದಾನಕ್ಕೆ ಹೋಗಿ ಕೋಚಿನೊಡನೆ ಮಾತಾಡಿದೆ. ಜಗಳವಾಡುವ ಸಿದ್ಧತೆಯಿಂದಲೇ ಹೋಗಿದ್ದೆ. ಆತ ಜೇಬಿನಿಂದ ಒಂದು ರಟ್ಟಿನ ಚೀಟಿ ತೆಗೆದು ತೋರಿಸಿದ. ಎರಡು ಕಡೆ ಆಡುವ ಏಳು ಹುಡುಗರಿದ್ದರು; ಪ್ರತಿಯೊಬ್ಬನ ಎದುರು ಸಣ್ಣ ಸಣ್ಣ ಗೀಟುಗಳು. ಯಾರು ಎಷ್ಟು ಪ್ಲೇ ಆಡಿದರೆಂದು ಬರೆಯುವುದಕ್ಕೇ ಒಬ್ಬ ಸಹಾಯಕನನ್ನು ನಿಲ್ಲಿಸಿದ್ದ. ಚೆಂಡನ್ನು ಒದ್ದು ಆಟ ಆರಂಭಿಸುವಾಗ ಇವರಾರೂ ಕಣಕ್ಕಿಳಿಯಕೂಡದು. ರಕ್ಷಣೆ ಬಹಳ ಹೊತ್ತು ನಡೆದಿದ್ದರೆ ಮುಂದಿನ ದಾಳಿ ನಿಧಾನವಾಗಿ ಆರಂಭವಾಗಬೇಕು; ವೇಗ ಆಮೇಲೆ. ನಮ್ಮ ಹುಡುಗ ಸಾಧ್ಯವಾದಷ್ಟೂ ತಮ್ಮ ಬೆಂಚಿನ ಪಕ್ಕದಲ್ಲೇ ನಿಲ್ಲಬೇಕು. ಹೊರಬರಲು ನಾಲ್ಕು ಹೆಜ್ಜೆ ಸಾಕಲ್ಲ! ರಕ್ಷಣೆಯಲ್ಲಿ ಮೊದಲ ಎರಡು ಅವಕಾಶಗಳಿಗೆ ಕಿರಿಯನೊಬ್ಬ, ಮೂರನೆಯದಕ್ಕೆ ಇವನು. ಒಂದು ಮಾತನ್ನು ಆತ ಎರಡು ಸಲ ಹೇಳಿದ: ಹುಡುಗನನ್ನು ದಣಿವಾಯಿತೇ ಎಂದು ಕೇಳಲೇಬಾರದು, ಇಲ್ಲವೆಂದೇ ಹೇಳುತ್ತಾನೆ. ಪರೀಕ್ಷೆಗೆ ಓದಿದ್ದೀಯಾ ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಹೌದೆನ್ನುವಂತೆ ಎಂದುಕೊಂಡೆ. ಜಗಳಕ್ಕೆ ವಿಷಯವೇ ಉಳಿಯಲಿಲ್ಲ.

ಶುಕ್ರವಾರ ರಾತ್ರಿ ಆಟ. ಅಕ್ಕನ ಪಕ್ಕದಲ್ಲಿ ಕುಳಿತು, ಮಾತ್ರೆ ಎಣಿಸಿದಂತೆ, ಬೆರಳ ಗೆಣ್ಣಿನ ಮೇಲೆ ಹುಡುಗನ ಪ್ಲೇಗಳನ್ನು ಎಣಿಸಿದೆ. ಅರ್ಧ ಆಟಕ್ಕೆ 51. ಮೂರನೆಯ ಭಾಗದ ಕೊನೆಗೆ 74. ಅಷ್ಟರಲ್ಲಿ ಅವನ ಓಟ ಬದಲಾಗಿತ್ತು. ಚೆಂಡು ತನ್ನ ಕಡೆ ಬಾರದೆಂದು ಗೊತ್ತಾದಾಗ ಹತ್ತು ಗಜಕ್ಕೇ ನಿಲ್ಲುತ್ತಿದ್ದ. ಪ್ಲೇ ಮುಗಿದಾಗಲೆಲ್ಲ ಎರಡು ಕೈಗಳೂ ಮೊಣಕಾಲ ಮೇಲೆ.

ಆಟ ಮುಗಿಯಲು ಆರು ನಿಮಿಷವಿತ್ತು. ನಾಲ್ಕು ಅಂಕ ನಮ್ಮವರೇ ಮುಂದೆ, ಚೆಂಡು ಎದುರಾಳಿಯದು. ಕೋಚ್ ಚೀಟಿ ನೋಡಿದ. ಹುಡುಗನ ಹೆಗಲು ಹಿಡಿದು ಬೆಂಚಿನ ಮೇಲೆ ಕೂರಿಸಿದ. ಈ ಸಲ ಮೂರನೆಯ ಅವಕಾಶಕ್ಕೂ ಕಳಿಸಲಿಲ್ಲ. ಎದುರಾಳಿಗಳೇನು ಕುರುಡರೆ? ಆ ಕಿರಿಯನ ಕಡೆಗೇ ಮತ್ತೆ ಮತ್ತೆ ಚೆಂಡು ಎಸೆದರು. ಸುತ್ತಲಿನವರು ಎದ್ದು ನಿಂತು, ಹುಡುಗನನ್ನು ಇಳಿಸು ಎಂದು ಕೂಗತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ನನ್ನ ಅಂಗಿಯ ತೋಳು ಜಗ್ಗಿದಳು. ಆಗ ತಿಳಿಯಿತು, ನಾನೂ ಎದ್ದು ನಿಂತಿದ್ದೆ. ಕೂಗುತ್ತಿದ್ದೆ, ಅದೂ ಕನ್ನಡದಲ್ಲಿ.

ಎದುರಾಳಿಗಳು ಗೆರೆ ದಾಟಿದರು. ನಮ್ಮವರು ಮೂರು ಅಂಕಗಳಿಂದ ಸೋತರು. ಅಕ್ಕನ ಮುಖದಲ್ಲಿ, ಸುಳ್ಳೇಕೆ ಹೇಳಲಿ, ಬೇಸರವೇನೂ ಕಾಣಲಿಲ್ಲ.

ಆ ರಾತ್ರಿ ಹುಡುಗ ಮಾತಿಲ್ಲದೆ ಎರಡು ತಟ್ಟೆ ಮೊಸರನ್ನ ತಿಂದ. ಕೈತೊಳೆದು ಬಂದು, “ಮಾಮ, ನೀವೂ ಕೂಗಿದಿರಂತೆ, ಅಮ್ಮ ಹೇಳಿದಳು” ಎಂದ. ಹೌದೆಂದೆ. ಒಂದು ಕಡೆ ಆಡಿದರೆ ಸಾಕೆಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಅದನ್ನು ಹೇಳಲು ನನಗಿದ್ದ ಮುಖವೂ ಅದೇ ಗಳಿಗೆಯಲ್ಲಿ ಹೋಗಿತ್ತು.

ನಾನು ಊರಿಗೆ ಮರಳಿದ ಮೇಲೆ, ಅಕ್ಟೋಬರಿನ ಕೊನೆಯಲ್ಲಿ, ಹಂಟರ್ ಮೊಣಕಾಲಿಗೆ ಪೆಟ್ಟುಮಾಡಿಕೊಂಡ. ವೃತ್ತಿಯ ಆಟಕ್ಕೆ ಸೇರಿದ ಮೊದಲ ವರ್ಷವೇ ಅವನ ಆಟ ಅಲ್ಲಿಗೆ ನಿಂತಿತು. ಹುಡುಗ ಫೋನ್ ಮಾಡಿ, “ಅದು ಅಭ್ಯಾಸದಲ್ಲಿ ಆದದ್ದು, ಮಾಮ, ಮ್ಯಾಚಿನಲ್ಲಿ ಅಲ್ಲ” ಎಂದು ನಾನು ಕೇಳುವ ಮೊದಲೇ ವಾದ ಹೂಡಿದ. ಹಿಂದಿನಿಂದ ಅಕ್ಕ ಫೋನ್ ಕಸಿದುಕೊಂಡಳು. “ಅವತ್ತು ಅವನಿಗೆ ಹೇಳಿದೆಯೇನೋ, ಇಲ್ಲವೋ?” ಎಂದಳು.

ಸರಿಯಾಗಿ ಕೇಳಿಸುತ್ತಿಲ್ಲವೆಂದೆ.