ಬದಲಾಗುವ ಅಳತೆ, ಬದಲಾಗದ ಅಳತೆ

ಚರಂಡಿ ಜಾಲದಲ್ಲಿ ನೀರು ಸಾಗಿಸುವುದು ಪೈಪಿನ ಕೆಲಸ. ಪೈಪುಗಳನ್ನು ಕೂಡಿಸುವುದು, ತಿರುಗಿಸುವುದು, ಹೂಳು ತಡೆಯುವುದು ಚೇಂಬರಿನ ಕೆಲಸ. ಮ್ಯಾನ್‌ಹೋಲು, ಕ್ಯಾಚ್‌ಪಿಟ್ಟು, ಮೋರಿಯ ತಲೆಗೋಡೆ ಎಲ್ಲವನ್ನೂ ಆಟೋಡೆಸ್ಕ್ ಕಂಪನಿಯ ಸಿವಿಲ್ 3ಡಿ ತಂತ್ರಾಂಶ ‘ಸ್ಟ್ರಕ್ಚರ್’ ಎಂಬ ಒಂದೇ ಜಾತಿಗೆ ಸೇರಿಸುತ್ತದೆ. ಚೇಂಬರಿನ ಮುಚ್ಚಳ ರಸ್ತೆಯ ಮಟ್ಟಕ್ಕಿರಬೇಕು, ತಳ ಪೈಪಿನ ಮಟ್ಟಕ್ಕಿಂತ ಕೆಳಗಿರಬೇಕು. ಹಾಗಾಗಿ ಎತ್ತರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಮುಚ್ಚಳದ ಗಾತ್ರ, ಗೋಡೆಯ ದಪ್ಪ ಬದಲಾಗುವುದಿಲ್ಲ. ಯಾವುದು ಬದಲಾಗಬೇಕು, ಯಾವುದು ಬದಲಾಗಬಾರದು ಎಂದು ಮೊದಲೇ ಹೇಳಿಡುವುದೇ ಹೊಸ ‘ಪಾರ್ಟ್’, ಅಂದರೆ ಇಂಥ ಒಂದು ಬಿಡಿಭಾಗದ ಮಾದರಿ, ತಯಾರಿಸುವ ವಿದ್ಯೆ.

ಈ ವಿದ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಕೆರೆ. ಆ ಹಳ್ಳ ಮುಂದೆ ಹರಿದು ಹರಿಹರದ ಬಳಿ ತುಂಗಭದ್ರೆ ಸೇರುತ್ತದೆ. ಕೆರೆಯ ನೀರು ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳಿಗೆ ತೂಬಿನ ಮೂಲಕ ಇಳಿಯುತ್ತದೆ. ನಾಡಿನ ಹಳೆಯ ಕೆರೆಗಳ ತೂಬಿನ ನಮೂನೆ ಹೆಚ್ಚುಕಡಿಮೆ ಒಂದೇ: ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ನಡುವೆ ಅಡ್ಡಗಲ್ಲು, ಬುಡದಲ್ಲಿ ತೂತಿನ ಕಲ್ಲು, ಆ ತೂತಿಗೆ ಕೂರುವ ಮರದ ಗೂಟ. ಕೆರೆ ಆಳವಿದ್ದರೆ ಕಂಬವೂ ಗೂಟ ಎತ್ತುವ ಗಳವೂ ಉದ್ದವಾಗುತ್ತವೆ. ತೂತಿನ ಅಗಲ ಮಾತ್ರ ಬಿಡಬೇಕಾದ ನೀರಿನ ಲೆಕ್ಕಕ್ಕೆ ಬಿಟ್ಟದ್ದು. ಕಲ್ಲುಕುಟಿಗನಿಗೆ ಈ ಎರಡು ಲೆಕ್ಕ ಬೇರೆಬೇರೆ ಎಂಬುದು ಗೊತ್ತಿತ್ತು.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಬಲದಂಡೆ ನಾಲೆ ದಾವಣಗೆರೆ, ಹರಿಹರದ ಕಡೆ ಬರುವ ಹೊತ್ತಿಗೆ ಈ ತಿಳಿವಳಿಕೆ ಟೈಪ್ ಡ್ರಾಯಿಂಗಿನ ರೂಪ ತಳೆದಿತ್ತು. ಮೋರಿಯ ಚಿತ್ರ ಒಂದೇ, ಅಳತೆಗಳ ಜಾಗದಲ್ಲಿ ಅಕ್ಷರಗಳು, ಕೆಳಗೊಂದು ಕೋಷ್ಟಕ. ಜಾಗಕ್ಕೆ ಹೊಂದುವ ಸಾಲನ್ನು ಎಂಜಿನಿಯರು ಆರಿಸಿಕೊಂಡರೆ ಸಾಕು. ಲೋಕಿಕೆರೆಯಿಂದ ದಾವಣಗೆರೆಗೆ ಬಸ್ಸು ಹಿಡಿದು ಮಿನಿಡ್ರಾಫ್ಟರಿನಲ್ಲಿ ಗೆರೆ ಎಳೆಯಲು ಕಲಿತವರ ತಲೆಮಾರಿಗೆ, ಈ ಲೇಖಕನೂ ಅದರಲ್ಲೊಬ್ಬ, ಇದೇ ಮೊದಲ ಪಾಠ. ಒಂದು ಮಟ್ಟ ಬದಲಾದರೆ ಟ್ರೇಸಿಂಗ್ ಹಾಳೆಯ ಇಂಕನ್ನು ಬ್ಲೇಡಿನಿಂದ ಹಗುರವಾಗಿ ಕೆರೆದು, ಉಗುರಿನಿಂದ ತೀಡಿ ನುಣುಪು ಮಾಡಿ, ಮತ್ತೆ ಬರೆಯಬೇಕಿತ್ತು. ಹಾಳೆ ತೂತಾಯಿತೆಂದರೆ ಇಡೀ ಚಿತ್ರ ಹೊಸದು.

1982ರಲ್ಲಿ ಬಂದ ಆಟೋಕ್ಯಾಡ್ ಬ್ಲೇಡನ್ನು ಬಿಡಿಸಿತು. ಕೋಷ್ಟಕವನ್ನು ಚಿತ್ರದೊಳಗೇ ಹೊಗಿಸಿದ್ದು ಸಿವಿಲ್ 3ಡಿ. ಆದರೆ ಅದರ ಜೊತೆ ಬರುವ ಕ್ಯಾಟಲಾಗಿನಲ್ಲಿ ಅಮೆರಿಕದ ರೂಢಿಯ ಎರಕದ ಚೇಂಬರುಗಳೇ ಹೆಚ್ಚು. ಇಲ್ಲಿಯ ಇಟ್ಟಿಗೆ ಕಟ್ಟಡದ ಚೌಕ ಚೇಂಬರು, ಸೈಜುಗಲ್ಲಿನ ತಲೆಗೋಡೆ, ಚರಂಡಿ ಮೇಲೆ ಹಾಸುವ ಆರ್‌ಸಿಸಿ ಸ್ಲ್ಯಾಬು ಅದರಲ್ಲಿ ಸಿಗುವುದಿಲ್ಲ. ಐಎಸ್ 458ರ ಎನ್‌ಪಿ3 ಪೈಪಿನ ಗೋಡೆಯ ದಪ್ಪವೂ ಬೇರೆ. ಆದ್ದರಿಂದ ಹೊಸ ಪಾರ್ಟು ತಯಾರಿಸಲು ತಂತ್ರಾಂಶದೊಳಗೇ ಇರುವ ‘ಪಾರ್ಟ್ ಬಿಲ್ಡರ್’ ತೆರೆಯಬೇಕಾಗುತ್ತದೆ.

ಮೊದಲ ಹೆಜ್ಜೆ, ಪಾರ್ಟು ಯಾವ ಬಗೆಯದೆಂದು ಆರಿಸುವುದು. ಆಮೇಲೆ ಚೇಂಬರಿನ ತಳ, ಗೋಡೆ, ಮುಚ್ಚಳಗಳಿಗೆ ಒಂದೊಂದು ಸಮತಲ ಇಟ್ಟು ಆಕಾರ ಬರೆಯಬೇಕು. ಮೂರನೆಯದು ಬಂಧನ: ಈ ಗೆರೆ ಆ ಗೆರೆಗೆ ಸಮಾಂತರ, ಈ ಬಿಂದು ಮಧ್ಯದಲ್ಲೇ ಇರಬೇಕು ಎಂಬ ಕಟ್ಟುಪಾಡು. ಇದು ಸಡಿಲವಾದರೆ ಅಳತೆ ಬದಲಿಸಿದ ಕೂಡಲೇ ಚೌಕ ಚೇಂಬರು ಸೊಟ್ಟಗಾಗುತ್ತದೆ. ನಾಲ್ಕನೆಯದು ಅಳತೆಗಳ ಸ್ವಭಾವ. ಮುಚ್ಚಳದ ಗಾತ್ರ ಸ್ಥಿರ. ಒಳ ಅಗಲಕ್ಕೆ ಪಟ್ಟಿ. ಮುಚ್ಚಳದಿಂದ ತಳದವರೆಗಿನ ಎತ್ತರಕ್ಕೆ ಕನಿಷ್ಠ, ಗರಿಷ್ಠ ಮಿತಿ. ಹೊರ ಅಗಲಕ್ಕೆ ಸೂತ್ರ, ಅಂದರೆ ಒಳ ಅಗಲಕ್ಕೆ ಎರಡು ಗೋಡೆಗಳ ದಪ್ಪ ಕೂಡಿಸಿದ್ದು. ಕೊನೆಯದಾಗಿ, ಪಾರ್ಟನ್ನು ನಕ್ಷೆಯಲ್ಲಿ ಕೂರಿಸುವ ಬಿಂದುವನ್ನು ಗುರುತಿಸಬೇಕು. ಬಂದ ಪೈಪು ಎಲ್ಲಿಗೆ ತುಂಡಾಗಬೇಕೆಂಬುದು ಪೆಟ್ಟಿಗೆಯೋ ಸಿಲಿಂಡರೋ ಎಂದು ಹೇಳಿದ ಹೊರ ಆಕಾರವನ್ನು ನೋಡಿಕೊಂಡು ತೀರ್ಮಾನವಾಗುತ್ತದೆ.

ಉಳಿಸಿದಾಗ ಡಿಡಬ್ಲ್ಯುಜಿ ಕಡತದಲ್ಲಿ ಆಕಾರ, ಎಕ್ಸ್‌ಎಂಎಲ್ ಕಡತದಲ್ಲಿ ಅಳತೆಗಳು ಕೂರುತ್ತವೆ. ಎರಡಕ್ಕೂ ಒಂದೇ ಹೆಸರು. ಪಕ್ಕದ ಮೇಜಿನವರಿಗೆ ಕೊಡುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಕೊಟ್ಟರೆ ಉಪಯೋಗವಿಲ್ಲ. ಪಡೆದವರು ಕ್ಯಾಟಲಾಗನ್ನು ಪುನಃ ಸಿದ್ಧಪಡಿಸಿ, ಪಾರ್ಟನ್ನು ತಮ್ಮ ಯೋಜನೆಯ ಪಟ್ಟಿಗೆ ಸೇರಿಸಿಕೊಳ್ಳಬೇಕು. ಬಳಸುವ ಮುನ್ನ ಪರೀಕ್ಷೆ ಸುಲಭ: ಚೇಂಬರು ಕೂರಿಸಿ ತಳದ ಮಟ್ಟ ಇಳಿಸಬೇಕು. ಗೋಡೆ ಮಾತ್ರ ಉದ್ದವಾಗಿ ಮುಚ್ಚಳ ಇದ್ದ ಹಾಗೇ ಇದ್ದರೆ ಪಾರ್ಟು ಸರಿ.

ಪಾರ್ಟು ಆಕಾರವನ್ನೂ ಮಟ್ಟಗಳನ್ನೂ ನೋಡಿಕೊಳ್ಳುತ್ತದೆ, ಅಷ್ಟೇ. ಸ್ಲ್ಯಾಬಿನ ಕಂಬಿ, ಕಾಂಕ್ರೀಟಿನ ದರ್ಜೆ, ಇಟ್ಟಿಗೆಯ ಗಾರೆ ಇವು ಅದರೊಳಗಿಲ್ಲ. ಗುತ್ತಿಗೆದಾರನ ಕೈಗೆ ಅವನ್ನು ಕೊಡಲು ಟೈಪ್ ಡ್ರಾಯಿಂಗು ಈಗಲೂ ಬೇಕು.