ರಥಬೀದಿಯಿಂದ ಕಾರ್ಕಳದ ಜಗಲಿಯವರೆಗೆ

ನಮ್ಮ ಹಳೆಯ ಆಲ್ಬಮ್ಮಿನಲ್ಲಿ ಅಮ್ಮನ ಫೋಟೋ ಇರುವುದು ಒಂದೇ ಒಂದು. ಅದೂ ಅರ್ಧ.

1974ರಲ್ಲಿ ದೊಡ್ಡಕ್ಕನ ಮದುವೆಯಲ್ಲಿ ತೆಗೆದ ಗುಂಪು ಫೋಟೋ ಅದು. ನಾನಾಗ ಒಂಬತ್ತು ವರ್ಷದವಳು, ಮುಂದಿನ ಸಾಲಿನಲ್ಲಿ ಹಲ್ಲು ಕಿಸಿದು ಕೂತಿದ್ದೇನೆ. "ಎಲ್ಲಿ, ಹುಡುಗಿಯ ಅಮ್ಮ ಎಲ್ಲಿ?" ಎಂದು ಯಾರೋ ಕೂಗಿದ ಮೇಲೆ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದ ಅಮ್ಮ ಹಿಂದಿನ ಸಾಲಿನ ತುದಿಯಲ್ಲಿ ನಿಂತಳು. ಸೋದರಮಾವನ ಪೇಟದ ಮರೆಯಿಂದ ಕಾಣುವುದು ಅವಳ ಒಂದು ಕಣ್ಣು, ಅರ್ಧ ಮೂಗು, ಅರ್ಧ ಕುಂಕುಮ. ಆಮೇಲೂ ಕ್ಯಾಮರಾ ಕಂಡರೆ "ನಂದೆಂತಕ್ಕೆ, ಮಕ್ಕಳದ್ದು ತೆಗೀರಿ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಒಂದು ಫೋಟೋ ಹುಡುಕಿದರೆ ನಮಗೆ ಸಿಕ್ಕಿದ್ದು ಆ ಅರ್ಧ ಮುಖ ಮಾತ್ರ.

ಕಳೆದ ವರ್ಷ ಬೆಂಗಳೂರಿನ ಮಗಳು ಹೊಸ ಕ್ಯಾಮರಾ ಕೊಂಡಳು, ಹಳೆಯದನ್ನು ನನ್ನ ಮಡಿಲಿಗೆ ಹಾಕಿದಳು. "ಈ ವಯಸ್ಸಲ್ಲಿ ನಿಂಗೆ ಇದೆಲ್ಲ ಬೇಕಾ? ಮೊಬೈಲು ಉಂಟಲ್ಲ" ಎಂದರು ನಮ್ಮವರು. ನನ್ನ ಮನಸ್ಸಿನಲ್ಲಿದ್ದದ್ದೇ ಬೇರೆ. ಕಾರ್ಕಳದಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಅಮ್ಮನ ಕೊನೆಯ ತಂಗಿ, ಎಂಬತ್ತನಾಲ್ಕು ದಾಟಿದವರು. ಅವರದೂ ಒಂದು ಸರಿಯಾದ ಫೋಟೋ ಇಲ್ಲ. ಅವರದನ್ನಾದರೂ ಪೂರ್ತಿ ಮುಖ ಕಾಣುವ ಹಾಗೆ ತೆಗೆದಿಡಬೇಕು ಅಂದುಕೊಂಡೆ. ಆದರೆ ತೆಗೆಯಲು ಬರಬೇಕಲ್ಲ? ಮೊದಲು ಊರಿನ ಮೇಲೆ ಕೈ ಪಳಗಿಸಿಕೊಳ್ಳೋಣ ಎಂದು ಹೊರಟೆ.

ಉಡುಪಿಯ ರಥಬೀದಿ ನಮ್ಮ ಮನೆಗೆ ನಡೆದು ಹೋಗುವಷ್ಟು ದೂರ. ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳು, ಪಕ್ಕದಲ್ಲಿ ಕೃಷ್ಣಮಠ, ಸುತ್ತಲೂ ಅಷ್ಟಮಠಗಳು. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ಬಂದಾಗ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಾಮಾನ್ಯ ದಿನಗಳಲ್ಲಿ ಸಂಜೆಯ ಹೊತ್ತು ಹೋದರೆ ಹೂವಿನವರು, ದನಗಳು, ದೀಪಗಳು, ಮಕ್ಕಳು, ರಥಗಳು ಎಲ್ಲವೂ ಸಿಗುತ್ತವೆ. ಒಳಗೆ ಫೋಟೋ ತೆಗೆಯುವಂತಿಲ್ಲ, ಆದ್ದರಿಂದ ನಾನು ಬೀದಿಯಲ್ಲೇ ನಿಂತು ಒಂದೇ ಸಂಜೆ ಇನ್ನೂರು ಫೋಟೋ ಹೊಡೆದೆ. ಹಿಂದಿನ ಕಾಲದಲ್ಲಾದರೆ ಒಂದು ರೀಲಿಗೆ ಮೂವತ್ತಾರೇ. ಲೆಕ್ಕ ಹಾಕಿ ಒತ್ತುತ್ತಿದ್ದೆವು. ಈಗ ಖರ್ಚಿಲ್ಲವಲ್ಲ!

ಅವನ್ನೆಲ್ಲ ಹೊತ್ತುಕೊಂಡು ಪೇಟೆಯ ಒಂದು ಸಣ್ಣ ಸ್ಟುಡಿಯೋಕ್ಕೆ ಹೋದೆ. ಮಾಲೀಕರು ನನ್ನ ತಮ್ಮನ ವಯಸ್ಸಿನವರು. ಪರದೆಯ ಮೇಲೆ ಒಂದೊಂದಾಗಿ ನೋಡುತ್ತಾ ಹೋದರು. ನೂರು ದಾಟಿದರೂ ಮಾತಿಲ್ಲ. ಕೊನೆಗೆ ಕೇಳಿದರು:

"ಅಕ್ಕಾ, ಇದ್ರಲ್ಲಿ ನೀವು ತೋರಿಸ್ಲಿಕ್ಕೆ ಹೊರಟದ್ದು ಎಂತದನ್ನು?"

ನೋಡಿದರೆ ರಥವೂ ಇತ್ತು, ದನವೂ ಇತ್ತು, ವಿದ್ಯುತ್ ಕಂಬವೂ ಇತ್ತು, ಯಾರದೋ ಬೆನ್ನೂ ಇತ್ತು. ಮೇಲಾಗಿ ಅರ್ಧಕ್ಕರ್ಧ ಮಸುಕು. ಬೆಳಕು ಕಡಿಮೆಯಾದಾಗ ಕ್ಯಾಮರಾದ ಕಣ್ಣು ಹೆಚ್ಚು ಹೊತ್ತು ತೆರೆದಿರುತ್ತದೆ, ಅಷ್ಟರಲ್ಲಿ ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ ಎಂದು ಅವರೇ ವಿವರಿಸಿದರು. ಮೊಣಕೈ ಎರಡನ್ನೂ ಮೈಗೆ ಒತ್ತಿ ಹಿಡಿಯಬೇಕು, ಗೋಡೆಯೋ ಕಂಬವೋ ಇದ್ದರೆ ಒರಗಬೇಕು, ಉಸಿರು ಬಿಟ್ಟು ಆಮೇಲೆ ಗುಂಡಿ ಒತ್ತಬೇಕು. "ಮುಂದಿನ ಸಲ ಹತ್ತೇ ತೆಗ್ದು ತನ್ನಿ. ಹತ್ತರಲ್ಲೂ ಒಂದೊಂದೇ ವಸ್ತು ಇರ್ಲಿ" ಎಂದರು.

ನಾಚಿಕೆಯಾಯಿತು. ಆದರೆ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಹೇಳುವವರಿದ್ದರೆ ತಾನೇ ಮರುದಿನದ ಸಾರು ಸರಿಯಾಗುವುದು?

ಅಷ್ಟಮಿಯ ಮರುದಿನ ವಿಟ್ಲಪಿಂಡಿ. ರಥಬೀದಿಯಲ್ಲಿ ಮೊಸರುಕುಡಿಕೆ ಒಡೆಯುವುದು, ಹುಲಿವೇಷದವರ ಕುಣಿತ. ತಾಸೆಯ ಪೆಟ್ಟಿಗೆ ನಿಂತಲ್ಲಿ ನಿಲ್ಲಲಾಗದು. ಕುಣಿಯುವ ಹುಲಿಯನ್ನು ಹಿಡಿಯಬೇಕಾದರೆ ಕ್ಯಾಮರಾದ ಕಣ್ಣು ಸೆಕೆಂಡಿನ 1/500 ಪಾಲಿನಷ್ಟು ಮಾತ್ರ ತೆರೆಯಬೇಕು ಎಂದು ಕಲಿತಿದ್ದೆ. ಹತ್ತರಲ್ಲಿ ಎರಡು ಬಂದವು. ಒಂದರಲ್ಲಿ ಹುಲಿ ನೆಲದಿಂದ ಮೇಲೆ ಹಾರಿದೆ, ಬಾಲ ಅವನ ತಲೆಗಿಂತ ಎತ್ತರದಲ್ಲಿದೆ. ಸ್ಟುಡಿಯೋದವರು "ಹಾಂ" ಎಂದರು. ಅಷ್ಟೇ. ನನಗೆ ಅದೇ ಪದ್ಮಶ್ರೀ!

ಮುಂದೆ ಕಾಪು. ಉಡುಪಿಯಿಂದ ಮಂಗಳೂರು ದಾರಿಯಲ್ಲಿ ಬಸ್ಸಿನಲ್ಲಿ ಅರ್ಧ ಗಂಟೆಯೊಳಗಿನ ಹಾದಿ. ಕಡಲ ತೀರದ ಕರಿಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿದೆ, ಎತ್ತರ ಸುಮಾರು 27 ಮೀಟರು. ಬಂಡೆಯ ಬುಡಕ್ಕೆ ತೆರೆ ಬಡಿದು ನೊರೆ ಹಾರುವುದನ್ನು ನೋಡುತ್ತಾ ಕೂತರೆ ಮನೆಯ ನೆನಪೇ ಬಾರದು. ನನ್ನ ನಾದಿನಿಯನ್ನು ಕರೆದುಕೊಂಡು ಹೋಗಿದ್ದೆ. ಸೂರ್ಯ ಮುಳುಗುವ ಹೊತ್ತಿಗೆ ಅವಳನ್ನು ಕಡಲಿಗೆ ಬೆನ್ನು ಮಾಡಿ ನಿಲ್ಲಿಸಿ ಫೋಟೋ ತೆಗೆದೆ. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟು ಕೂತಿದ್ದ ಹೆಂಗಸು ಇಣುಕಿ ನೋಡಿ ತುಳುವಿನಲ್ಲಿ ಕೇಳಿದಳು: "ಸೂರ್ಯ ಬಂತು, ಸಮುದ್ರ ಬಂತು. ಇವರ ಮೋರೆ ಎಲ್ಲಿ ಹೋಯಿತು?"

ನಾದಿನಿಯ ಮುಖ ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು! ನಮ್ಮದು ಪಡುಗಡಲು. ಸಂಜೆ ಕಡಲಿನತ್ತ ಕ್ಯಾಮರಾ ತಿರುಗಿಸಿದರೆ ಸೂರ್ಯ ಎದುರಿಗೇ ಇರುತ್ತಾನೆ. ಹಿಂದಿನಿಂದ ಬೆಳಕು ಬಿದ್ದಾಗ ಎದುರಿನ ಮುಖ ಕಪ್ಪು. ದೀಪಸ್ತಂಭ, ದೋಣಿ, ತೆಂಗಿನ ಮರಗಳ ಕಪ್ಪು ಆಕಾರವಷ್ಟೇ ಸಾಕು ಎಂದಾದರೆ ಸಂಜೆ ಚೆನ್ನ. ಮುಖ ಬೇಕಾದರೆ ಬೆಳಿಗ್ಗೆ ಹೋಗಿ. ಸೂರ್ಯ ಮೂಡಣದಿಂದ ಏರಿ ನಮ್ಮ ಬೆನ್ನ ಹಿಂದೆ ಇರುತ್ತಾನೆ, ಕಡಲೂ ನೀಲಿಯಾಗಿ ಕಾಣುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಪುಸ್ತಕವಲ್ಲ, ಆ ಮೀನಿನ ಅಕ್ಕ.

ಮರುವಾರ ಬೆಳಿಗ್ಗೆ ಹೋದವಳು ಬರುವಾಗ ಶಂಕರಪುರದಲ್ಲಿ ಪರಿಚಯದವರ ಮನೆಯಲ್ಲಿ ಇಳಿದೆ. ಮಲ್ಲಿಗೆಯ ಊರು ಅದು. ಮನೆಮನೆಯ ಅಂಗಳದಲ್ಲೂ ಗಿಡ, ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವ ಹೆಂಗಸರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಿಸಿಲಿನಲ್ಲಿ ಇಟ್ಟ ಹೂವಿನ ಫೋಟೋ ತೆಗೆದರೆ ಬರೀ ಬಿಳಿ ಮುದ್ದೆ, ಎಸಳೇ ಇಲ್ಲ. ಮನೆಯ ಸೊಸೆ "ಒಳಗೆ ತನ್ನಿ, ಬಿಸಿಲಿಗೆ ಹೂವೂ ಬಾಡ್ತದೆ" ಎಂದಳು. ಚಾವಡಿಯ ನೆರಳಿನಲ್ಲಿ ತೆಗೆದಾಗ ಒಂದೊಂದು ಮೊಗ್ಗೂ ಬೇರೆ ಬೇರೆಯಾಗಿ ಕಂಡಿತು. ಅವಳ ಬೆರಳುಗಳದ್ದೂ ಒಂದು ತೆಗೆಯಲೇ ಎಂದು ಕೇಳಿದೆ. "ತೆಗೀರಿ, ಆದ್ರೆ ನಂಗೂ ಒಂದು ಕೊಡ್ಬೇಕು. ತೆಗ್ದವರು ಯಾರೂ ಕೊಟ್ಟದ್ದಿಲ್ಲ" ಎಂದಳು. ಮುಂದಿನ ವಾರ ಪ್ರಿಂಟು ಹಾಕಿಸಿ ಕೊಟ್ಟುಬಂದೆ. ಅಂದಿನಿಂದ ಇದು ನನ್ನ ನಿಯಮ: ಕೇಳದೆ ತೆಗೆಯುವುದಿಲ್ಲ, ತೆಗೆದ ಮೇಲೆ ಕೊಡದೆ ಇರುವುದಿಲ್ಲ.

ಮಣಿಪಾಲಕ್ಕೆ ಹೋದದ್ದು ಒಂದು ಭಾನುವಾರ. 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಮೆಡಿಕಲ್ ಕಾಲೇಜು ತೆರೆದ ಮೇಲೆ ಈ ಗುಡ್ಡದ ನಸೀಬೇ ಬದಲಾಯಿತು. ದೇಶದ ಎಲ್ಲ ಮೂಲೆಯ ಮಕ್ಕಳೂ ಇಲ್ಲಿ ಸಿಗುತ್ತಾರೆ. ಗುಡ್ಡದ ಅಂಚಿನ ಎಂಡ್ ಪಾಯಿಂಟಿನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿಯ ತಿರುವು, ಅದರಾಚೆ ತೋಟಗಳು. ಅಲ್ಲಿ ಕ್ಯಾಮರಾ ಹಿಡಿದ ನಾಲ್ಕಾರು ವಿದ್ಯಾರ್ಥಿಗಳಿದ್ದರು. ಒಬ್ಬಳು ಹುಡುಗಿ ನನ್ನ ಚಿತ್ರ ನೋಡಿ, "ಆಂಟಿ, ನದಿ ಎಡಗಡೆಗೆ ಚೆಲ್ಲಿ ಹೋಗ್ತಿದೆ" ಎಂದು ನಕ್ಕಳು. ದಿಗಂತದ ಗೆರೆ ಓರೆ! ಒತ್ತುವ ಮೊದಲು ನಾಲ್ಕು ಅಂಚುಗಳನ್ನೂ ಒಮ್ಮೆ ಸುತ್ತಿ ನೋಡಿ ಎಂದು ಅವಳು ಹೇಳಿಕೊಟ್ಟಳು. ರಂಗೋಲಿ ಹಾಕುವ ಮೊದಲು ಚುಕ್ಕಿ ಸಾಲು ನೆಟ್ಟಗಿದೆಯೇ ಎಂದು ನೋಡುವುದಿಲ್ಲವೇ, ಹಾಗೆ.

ಅವಳೇ ಹೋಮಾಯ್ ವ್ಯಾರಾವಾಲಾ ಅವರ ಕಥೆ ಹೇಳಿದ್ದು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಆಕೆ. 1913ರಲ್ಲಿ ಹುಟ್ಟಿದರು. ಮೊದಮೊದಲು ಅವರು ತೆಗೆದ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವಂತೆ. ಪದ್ಮವಿಭೂಷಣ ಬಂದದ್ದು 2011ರಲ್ಲಿ, ತೊಂಬತ್ತು ದಾಟಿದ ಮೇಲೆ, ಮರುವರ್ಷವೇ ತೀರಿಕೊಂಡರು. ಕೇಳಿ ಬಸ್ಸಿನಲ್ಲಿ ಬರುವಾಗ ನನಗೆ ಅಮ್ಮನದೇ ಯೋಚನೆ. ಒಬ್ಬಾಕೆ ಕ್ಯಾಮರಾದ ಹಿಂದೆ ನಿಂತೂ ಮರೆಯಾದಳು, ಇನ್ನೊಬ್ಬಳು ಎದುರಿಗೆ ನಿಂತೂ ಮರೆಯಾದಳು.

ಇಷ್ಟೆಲ್ಲ ಆದಮೇಲೆ ಧೈರ್ಯ ಮಾಡಿ ಕಾರ್ಕಳಕ್ಕೆ ಹೋದೆ. ಚಿಕ್ಕಮ್ಮನಿಗೆ ಜರಿಯ ಸೀರೆ ಉಡಿಸಿ, ರಿಕ್ಷಾದಲ್ಲಿ ಕೂರಿಸಿ ಗೊಮ್ಮಟ ಬೆಟ್ಟಕ್ಕೆ ಕರೆದೊಯ್ದೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಏಕಶಿಲಾ ಮೂರ್ತಿ. ಮೂರ್ತಿಯೂ ಪೂರ್ತಿ ಬರಬೇಕು, ಚಿಕ್ಕಮ್ಮನೂ ಬರಬೇಕು ಎಂದು ಹಿಂದೆ ಹಿಂದೆ ಹೋದೆ. ನೆತ್ತಿಯ ಮೇಲೆ ಬಿಸಿಲು. ತೆಗೆದು ತೋರಿಸಿದರೆ ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಹುಡುಕಿದರು.

"ಗೊಮ್ಮಟ ಚಂದ ಬಂದಿದ್ದಾನೆ. ಈ ಇರುವೆ ನಾನಾ ಮಾರಾಯ್ತಿ?"

ದೊಡ್ಡದು ಮಾಡಿ ನೋಡಿದರೆ ಮಧ್ಯಾಹ್ನದ ಬಿಸಿಲಿಗೆ ಕಣ್ಣುಗಳ ಜಾಗದಲ್ಲಿ ಎರಡು ಕಪ್ಪು ಗುಳಿ. ಎದುರಿನ ಚತುರ್ಮುಖ ಬಸದಿಗೆ ಹೋಗಿ ನೆರಳಿನಲ್ಲಿ ಕೂತೆವು. 1586ರ ಕಟ್ಟಡ, ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು. ಆ ಕಲ್ಲಿನ ಕಂಬಗಳ ನಡುವೆ ಬೆಳಕು ಪಕ್ಕದಿಂದ ಮೆಲ್ಲಗೆ ಒಳಗೆ ಬರುತ್ತಿತ್ತು. ಚಿಕ್ಕಮ್ಮ ಒರಗಿ ಕೂತಾಗ ಅವರ ಕೆನ್ನೆಯ ಒಂದೊಂದು ಗೆರೆಯೂ ಕಂಡಿತು. ಕ್ಯಾಮರಾ ಎತ್ತಿದೆನೋ ಇಲ್ಲವೋ, ಅವರು ಸೆಟೆದು ಕೂತು ತುಟಿ ಬಿಗಿದರು. ಆ ದಿನ ಅಲ್ಲಿಗೇ ಮುಗಿಯಿತು.

ಎರಡನೆಯ ಸಲ ಹೋದದ್ದು ಜನವರಿಯಲ್ಲಿ. ಈ ಬಾರಿ ಎಲ್ಲಿಗೂ ಕರೆದೊಯ್ಯಲಿಲ್ಲ. ಬೆಳಿಗ್ಗೆ ಎಂಟರ ಹೊತ್ತು, ಚಿಕ್ಕಮ್ಮ ಜಗಲಿಯಲ್ಲಿ ಹಲಸಿನೆಲೆ ಹರಡಿಕೊಂಡು ಕಡುಬಿಗೆ ಕೊಟ್ಟೆ ಕಟ್ಟುತ್ತಿದ್ದರು. ನಾಲ್ಕೆಲೆ ಜೋಡಿಸಿ ಕಡ್ಡಿ ಚುಚ್ಚುವುದು, ಪಕ್ಕಕ್ಕಿಡುವುದು. ಅಂಗಳದಿಂದ ತಂಪು ಬೆಳಕು. ನಾನೂ ಎದುರು ಕೂತು ಆರೆಂಟು ಕೊಟ್ಟೆ ಕಟ್ಟಿದೆ. "ಅಕ್ಕನಿಗೆ ನನ್ನಷ್ಟು ಬೇಗ ಬರ್ತಿರ್ಲಿಲ್ಲ ಗೊತ್ತುಂಟಾ? ಹಿಟ್ಟು ಹೊಯ್ದ್ರೆ ಸೋರ್ತಿತ್ತು" ಎಂದು ಅಮ್ಮನ ಮಾತು ತೆಗೆದರು. ಹೇಳುತ್ತಾ ಹೇಳುತ್ತಾ ತಮಗೇ ನಗು ಬಂತು. ಮೊಣಕೈ ಮೈಗೆ ಒತ್ತಿದೆ, ಅಂಚು ನೋಡಿದೆ, ಉಸಿರು ಬಿಟ್ಟೆ, ಒತ್ತಿದೆ.

ಸ್ಟುಡಿಯೋದವರು ಬಹಳ ಹೊತ್ತು ನೋಡಿದರು. "ಕೈ ಸ್ವಲ್ಪ ಮಸುಕಾಗಿದೆ ಅಕ್ಕಾ, ಕೆಲಸದ ಕೈಯಲ್ವಾ. ಇರ್ಲಿ. ಯಾವ ಸೈಜು ಹಾಕ್ಲಿ?" ಎಂದರು.

ಪ್ರಿಂಟು ಕೊಟ್ಟಾಗ ಚಿಕ್ಕಮ್ಮ ಬೆಳಕಿಗೆ ಹಿಡಿದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ, "ಇದು ನಾನಲ್ಲ, ಅಕ್ಕ ಅಲ್ವಾ ಇದು?" ಎಂದರು. ಒಲೆಯ ಮೇಲಿನ ಹಾಲು ಉಕ್ಕುತ್ತದೆಂದು ನೆಪ ಹೇಳಿ ನಾನು ಒಳಗೆ ಹೋದೆ.

ಈಗ ನಮ್ಮ ಗೋಡೆಯಲ್ಲಿ ಆ ಫೋಟೋ ಇದೆ. ಪಕ್ಕದಲ್ಲೇ ಅಮ್ಮನ ಅರ್ಧ ಮುಖವನ್ನೂ ಕಟ್ಟು ಹಾಕಿಸಿ ಇಟ್ಟಿದ್ದೇನೆ. ಉಳಿದ ಅರ್ಧ ಹೇಗಿತ್ತೆಂದು ಕೇಳುವ ಮೊಮ್ಮಕ್ಕಳಿಗೆ ಚಿಕ್ಕಮ್ಮನನ್ನು ತೋರಿಸುತ್ತೇನೆ.

ಸೋದರಿಯರೇ, ಉಡುಪಿಯ ಕಡೆ ಬಂದರೆ ರಥಬೀದಿ, ಕಾಪು, ಮಣಿಪಾಲ, ಕಾರ್ಕಳ ನಾಲ್ಕನ್ನೂ ನೋಡಿ, ಬೇಕಾದಷ್ಟು ಫೋಟೋ ತೆಗೆಯಿರಿ. ಆದರೆ ಮನೆಗೆ ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲೂ ಒಮ್ಮೆ ಕ್ಯಾಮರಾ ಹಿಡಿದು ನಿಲ್ಲಿ. ಮತ್ತೆ, ಮುಂದಿನ ಮದುವೆಯಲ್ಲಿ ಗುಂಪು ಫೋಟೋಕ್ಕೆ ಕರೆದಾಗ ಸೌಟು ಕೆಳಗಿಟ್ಟು, ಮುಖ ತೊಳೆದು, ಮುಂದಿನ ಸಾಲಿನಲ್ಲಿ ಬಂದು ಕೂತುಕೊಳ್ಳಿ. ಸಾರು ಹತ್ತು ನಿಮಿಷ ಕಾಯುತ್ತದೆ.