ಚೇಗು ನೋಡಿ ಕಟ್ಟಿಗೆ

ಮನೆ ಕಟ್ಟಿಸುವಾಗ ಕಟ್ಟಿಗೆಯ ಮಾತು ಬಂದರೆ ನಮ್ಮ ಗಂಡಸರ ಬಾಯಲ್ಲಿ ಒಂದೇ ಹೆಸರು: ಸಾಗವಾನಿ. ಬಾಗಿಲು ಸಾಗವಾನಿ, ಕಪಾಟು ಸಾಗವಾನಿ, ಸಾಲ ಮಾತ್ರ ಬ್ಯಾಂಕಿನದು! ಆ ಬಾಗಿಲನ್ನು ದಿನಕ್ಕೆ ನಲವತ್ತು ಸಲ ತೆರೆದು ಮುಚ್ಚುವವಳನ್ನು ಯಾರು ಕೇಳುತ್ತಾರೆ, ನೀವೇ ಹೇಳಿ.

ನನ್ನ ತವರು ಆಳಂದ ತಾಲೂಕಿನ ಹಿರೋಳ್ಳಿ, ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು. ನಮ್ಮ ಕಡೆ ಹಿಂದೆ ಮನೆಯನ್ನು ಅಂಕಣದಲ್ಲಿ ಅಳೆಯುತ್ತಿದ್ದರು. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಮಾಳಿಗೆಯ ಮಣ್ಣಿನ ಭಾರವೆಲ್ಲ ಕಂಬ, ತೊಲೆ, ಜಂತಿಗಳ ಮೇಲೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನ ಕಲ್ಲು ಮಣ್ಣಿನಡಿ ಹೋದರು. ನಮ್ಮ ಕಡೆಯೂ ನೆಲ ನಡುಗಿತ್ತು. ಅಲ್ಲಿ ಗೋಡೆ ಉರುಳಿದರೂ, ಕಂಬ ತೊಲೆಗಳ ಕಟ್ಟು ಗಟ್ಟಿಯಿದ್ದ ಮನೆಗಳಲ್ಲಿ ಮಾಳಿಗೆ ಮೇಲೆಯೇ ನಿಂತಿತ್ತು. ಆ ಕಟ್ಟಿಗೆಯನ್ನು ಹೊಳಪು ನೋಡಿ ಯಾರೂ ಆರಿಸಿರಲಿಲ್ಲ.

ಹೆಸರಿಗಿಂತ ಮೊದಲು ನೋಡಬೇಕಾದದ್ದು ಕಟ್ಟಿಗೆ ಒಣಗಿದೆಯೇ ಎಂದು. ಹಸಿ ಕಟ್ಟಿಗೆ ಒಣಗುತ್ತ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಅಂಥ ಬಾಗಿಲಿನ ಸಂದಿಯಲ್ಲಿ ಬೆರಳು ಹೋಗುತ್ತದೆ. ಶ್ರಾವಣದಲ್ಲಿ ಅದೇ ಬಾಗಿಲು ಉಬ್ಬಿ, ಭುಜ ಕೊಟ್ಟು ನೂಕಬೇಕು. ಒಳಗಿನ ಕೆಲಸಕ್ಕೆ ಕಟ್ಟಿಗೆಯ ತೇವ ನೂರಕ್ಕೆ 12ರ ಒಳಗಿದ್ದರೆ ಒಳ್ಳೆಯದು. ಅಡ್ಡೆಯಲ್ಲಿ ಹಲಗೆಗಳನ್ನು ನೆರಳಿನಲ್ಲಿ, ನಡುವೆ ಪಟ್ಟಿ ಇಟ್ಟು, ಗಾಳಿಯಾಡುವಂತೆ ಪೇರಿಸಿದ್ದಾರೋ ನೋಡಿ.

ಎರಡನೆಯದು ಚೇಗು. ಸಾಗವಾನಿಯೆಂದರೆ ಗೆದ್ದಲು ಮುಟ್ಟದೆಂಬುದು ಒಳಗಿನ ಚೇಗಿಗೆ ಮಾತ್ರ ಸಲ್ಲುವ ಮಾತು. ಹೊರಗಿನ ಬಿಳಿ ಭಾಗವನ್ನು ಅದು ಸಂತೋಷದಿಂದ ತಿನ್ನುತ್ತದೆ. ಬಣ್ಣ ಬಳಿದು ತಂದರೆ ಬಿಳಿ ಯಾವುದು, ಚೇಗು ಯಾವುದು? ಹಲಗೆಯ ಕೊನೆ ನೋಡಿಯೇ ದುಡ್ಡು ಕೊಡಬೇಕು.

ಜಾಲಿ ಗಟ್ಟಿ, ಚಕ್ಕಡಿಯ ಗಾಲಿಗೆ ಸರಿ. ಕಪಾಟಿಗೆ ಬಲು ಭಾರ. ಮಾವು ಅಗ್ಗ, ಹುಳ ಬೇಗ. ಸಿಂಕಿನ ಕೆಳಗೆ ಯಾವ ಕಟ್ಟಿಗೆಯ ಜಂಬವೂ ಬೇಡ, ಐ.ಎಸ್. 710 ಮುದ್ರೆಯ ಮರೈನ್ ಪ್ಲೈವುಡ್ ಸಾಕು.

ನಾನು ಮಾತ್ರ ಬೇವು ಹಿಡಿದೆ. ತವರಿನ ಹಳೆಯ ಮನೆ ಕೆಡವಿ ಪಾಲು ಮಾಡುವಾಗ ತಮ್ಮಂದಿರು ಕಾಗದಕ್ಕೆ ನನ್ನ ಸಹಿ ಕೇಳಿದರು. ಹೊಲ ಬೇಡ, ನಡುಮನೆಯ ಎರಡು ಬೇವಿನ ತೊಲೆ ಕೊಡಿ ಎಂದೆ. ದೊಡ್ಡವನು ನಕ್ಕ, ಸಣ್ಣವನು ತಲೆ ತಗ್ಗಿಸಿದ. ತೊಲೆಗಳು ಟ್ರ್ಯಾಕ್ಟರಿನಲ್ಲಿ ಕಲಬುರಗಿಗೆ ಬಂದವು.

"ಅಕ್ಕಾರ, ಇದಕ್ಕ ಪಾಲಿಶ್ ಛಂದ ಹತ್ತಂಗಿಲ್ರಿ," ಎಂದ ಬಡಿಗ. ನಿಜ, ಬೇವಿನ ಎಳೆ ತಿರುಚು. ಆದರೆ ಉಳಿ ಇಟ್ಟೊಡನೆ ಅವನೇ ಸುಮ್ಮನಾದ. ಅಷ್ಟು ವರ್ಷ ಮಾಳಿಗೆ ಹೊತ್ತು ಒಣಗಿದ ಚೇಗು. ಒಂದು ಹುಳದ ತೂತಿಲ್ಲ.

ಅಡುಗೆಮನೆಯ ಕಪಾಟು ಅದರದೇ. ಒಂದು ಕಡೆ ಕಬ್ಬಿಣದ ಕೊಂಡಿಯ ತೂತು ಉಳಿದಿದೆ, ನಮ್ಮೆಲ್ಲರ ತೊಟ್ಟಿಲು ಕಟ್ಟಿದ್ದು. ಮೇಣ ತುಂಬಲೇ ಎಂದು ಕೇಳಿದ. ಬೇಡ ಎಂದೆ.